ಜಿಂಕೆ ಬೇಟೆಗೆ ಹೊರಟಿದ್ದೀರಾ? ಮೊದಲು ಬೂಟು ನೋಡಿ

ಬೆಳಗಿನ ಜಾವ ಐದೂಕಾಲು. ಹೊರಗೆ 10 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 12 ಸೆಲ್ಸಿಯಸ್. ಉತ್ತರ ವಿಸ್ಕಾನ್ಸಿನ್‌ನ ಹೇವರ್ಡ್ ಹತ್ತಿರ ಗೆಳೆಯನ ಮನೆಯವರದೊಂದು ಕಾಡಿದೆ. ಹೆಡ್‌ಲ್ಯಾಂಪ್ ಬೆಳಕಲ್ಲಿ ಅರ್ಧ ಮೈಲಿ ನಡೆದು ಅಟ್ಟಣೆ ಹತ್ತಿದೆವು. ಮರಕ್ಕೆ ಒರಗಿಸಿ ಕಟ್ಟಿದ ಕಬ್ಬಿಣದ ಏಣಿ, ಮೇಲೆ ಇಬ್ಬರು ಕೂರುವಷ್ಟು ಜಾಗ. ನಡೆಯುವಾಗ ಕಾಲು ಬೆಚ್ಚಗೇ ಇತ್ತು. ಏಳೂವರೆಗೆ ಬೆರಳು ಜುಮ್ಮೆನ್ನತೊಡಗಿದವು. ಎಂಟೂವರೆಗೆ ಬೆರಳಿವೆಯೋ ಇಲ್ಲವೋ ಗೊತ್ತಾಗಲಿಲ್ಲ. ಒಂಬತ್ತಕ್ಕೆ ಇಳಿಯಲೇಬೇಕಾಯಿತು. ನಾನು ಇಳಿದರೆ ಗೆಳೆಯನೂ ಇಳಿಯಬೇಕು. ಇಲ್ಲಿ ಬಂದೂಕಿನ ಬೇಟೆಯ ಸೀಸನ್ ನವೆಂಬರ್ ಕೊನೆಗೆ ಬರುವ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗಿ ಒಂಬತ್ತೇ ದಿನ ಇರುತ್ತದೆ. ಅವನು ವರ್ಷವಿಡೀ ಕಾದಿದ್ದ ಮೊದಲ ಬೆಳಗು ನನ್ನ ಕಾಲಿನಿಂದ ಹಾಳಾಯಿತು. ತುಂಬಾ ಬೇಸರವಾಯಿತು.

ಮುಂದಿನ ವರ್ಷ ಹನ್ನೊಂದೂವರೆ ತನಕ ಅದೇ ಅಟ್ಟಣೆಯಲ್ಲಿ ಕೂತೆ. ಚಳಿ ಅಷ್ಟೇ ಇತ್ತು. ಏನು ಬದಲಾಯಿಸಿದೆ ಅನ್ನೋದನ್ನು ಬರೆಯುತ್ತೇನೆ. ಮಿನಿಯಾಪೊಲಿಸ್ ಕಡೆಯ ನಮ್ಮವರು ಆಫೀಸಿನ ಗೆಳೆಯರ ಜೊತೆ ಹೊರಡುವವರಿದ್ದರೆ ಉಪಯೋಗಕ್ಕೆ ಬರಬಹುದು. ಅಲ್ಲಿಂದ ಹೇವರ್ಡ್‌ಗೆ ಕಾರಿನಲ್ಲಿ ಎರಡೂವರೆ ಗಂಟೆಯ ದಾರಿ.

ನಮ್ಮ ಮಲೆನಾಡಿನಲ್ಲಿ ಗದ್ದೆ ಕಾಯಲು ಮಾಳದಲ್ಲಿ ಕೂರುವವರು ಪಕ್ಕದಲ್ಲಿ ಬೆಂಕಿ ಹಾಕಿಕೊಳ್ಳುತ್ತಾರೆ. ಅವರಿಗೆ ಪ್ರಾಣಿ ಹತ್ತಿರ ಬರಬಾರದು. ಇಲ್ಲಿ ಜಿಂಕೆ ಹತ್ತಿರ ಬರಬೇಕು. ಹಾಗಾಗಿ ಬೆಂಕಿ ಇಲ್ಲ, ಹೊಗೆ ಇಲ್ಲ, ಎದ್ದು ಓಡಾಡುವ ಹಾಗೂ ಇಲ್ಲ. ಕಾಲು ಕುಟ್ಟಿದರೂ ಸದ್ದು. ಗಂಟೆಗಟ್ಟಲೆ ಅಲ್ಲಾಡದೆ ಕೂರಬೇಕು. ಆದ್ದರಿಂದ ಬೂಟನ್ನು ನಡೆಯುವುದಕ್ಕಲ್ಲ, ಕೂರುವುದಕ್ಕೆ ಅಂತ ಆರಿಸಬೇಕು. ನನಗೆ ಇದು ಮೊದಲ ವರ್ಷ ಹೊಳೆದಿರಲಿಲ್ಲ.

ಬೂಟಿನ ಮೇಲೆ 200, 400, 800, 1200 ಗ್ರಾಂ ಅಂತ ಬರೆದಿರುತ್ತದೆ. ಅದು ಬೂಟಿನ ತೂಕ ಅಲ್ಲ. ಒಳಗೆ ಬಿಸಿ ಹಿಡಿದಿಡುವ ಥಿನ್ಸುಲೇಟ್‌ನಂಥ ಪದರ ಒಂದು ಚದರ ಮೀಟರ್‌ಗೆ ಎಷ್ಟು ಗ್ರಾಂ ಅನ್ನುವ ಲೆಕ್ಕ. ನನ್ನದು 400ರದ್ದು. ಊರೊಳಗಿನ ಹಿಮದಲ್ಲಿ ಓಡಾಡಲು ಚೆನ್ನಾಗಿತ್ತು, ಕೂರಲು ಸಾಲಲಿಲ್ಲ. ಇಂಥ ಚಳಿಯಲ್ಲಿ ಕೂರುವವರು 1000ಕ್ಕಿಂತ ಕಡಿಮೆಯದ್ದನ್ನು ನೋಡಲೇಬೇಡಿ ಅಂತ ನನ್ನ ಅಭಿಪ್ರಾಯ. ಈಗ ನನ್ನ ಹತ್ತಿರ ಇರುವುದು ಪ್ಯಾಕ್ ಬೂಟು: ಕೆಳಗೆ ರಬ್ಬರ್, ಮೇಲೆ ಚರ್ಮ, ಒಳಗೆ ಹೊರತೆಗೆಯಬಹುದಾದ ದಪ್ಪ ಫೆಲ್ಟಿನ ಚೀಲ. ಮೊಣಕಾಲ ತನಕದ ರಬ್ಬರ್ ಬೂಟನ್ನು ಗೆಳೆಯ ಮೆಚ್ಚುತ್ತಾನೆ. ಅದರಲ್ಲಿ ನೆಲದ ಮೇಲೆ ಮನುಷ್ಯನ ವಾಸನೆ ಕಡಿಮೆ ಉಳಿಯುತ್ತದೆ, ಜವುಗಿನಲ್ಲೂ ನಡೆಯಬಹುದು. ಆದರೆ ರಬ್ಬರ್‌ನಲ್ಲಿ ಬೆವರು ಹೊರಗೆ ಹೋಗುವುದಿಲ್ಲ. ನನಗೆ ಕಾಲು ಬೆವರುವುದು ಜಾಸ್ತಿ.

ಅಸಲಿ ತೊಂದರೆ ಈ ಬೆವರಿನದೇ. ಕತ್ತಲಲ್ಲಿ, ಬೆನ್ನಿಗೆ ಚೀಲ ಹೊತ್ತು, ಹಿಮದಲ್ಲಿ ಅರ್ಧ ಮೈಲಿ ನಡೆದರೆ ಬೆವರದೆ ಇರುತ್ತದಾ? ಒದ್ದೆಯಾದ ಸಾಕ್ಸ್ ಕೂತ ಮೇಲೆ ಕಾಲಿನ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಹತ್ತಿ ಸಾಕ್ಸ್ ಅಂತೂ ಒದ್ದೆಯಾದರೆ ಒಣಗುವುದೇ ಇಲ್ಲ, ಮನೆಯಲ್ಲೇ ಬಿಟ್ಟು ಬನ್ನಿ. ಮೆರಿನೋ ಉಣ್ಣೆಯದು ತನ್ನಿ, ಎರಡು ಜೊತೆ. ತೆಳ್ಳಗಿನದನ್ನು ಹಾಕಿಕೊಂಡು ನಿಧಾನಕ್ಕೆ ನಡೆಯಿರಿ, ಬೂಟಿನ ಲೇಸ್ ಸಡಿಲ ಇರಲಿ. ಅಟ್ಟಣೆಯ ಬುಡ ಮುಟ್ಟಿದ ಮೇಲೆ ಅದನ್ನು ಬಿಚ್ಚಿ, ಕಾಲು ಒರೆಸಿ, ದಪ್ಪನೆಯ ಒಣ ಜೊತೆ ಹಾಕಿಕೊಳ್ಳಿ. ಆ ಚಳಿಯಲ್ಲಿ ಬರಿಗಾಲು ಮಾಡುವುದು ಕಷ್ಟವೇ. ಆದರೂ ಮಾಡಿ. ನಾನು ಮಾಡಿದ ಬದಲಾವಣೆಗಳಲ್ಲಿ ಅತಿ ಹೆಚ್ಚು ಫಲ ಕೊಟ್ಟಿದ್ದು ಇದೇ.

ಅಳತೆಯ ವಿಷಯದಲ್ಲಿ ಜಿಪುಣತನ ಬೇಡ. ದಪ್ಪ ಸಾಕ್ಸ್ ತೊಟ್ಟೇ ಅಂಗಡಿಗೆ ಹೋಗಿ. ಬೇಕಾದರೆ ಅರ್ಧ ಸೈಜ್, ಒಂದು ಸೈಜ್ ದೊಡ್ಡದು ತಗೊಳ್ಳಿ. ಒಳಗೆ ಬೆರಳು ಸಲೀಸಾಗಿ ಆಡಬೇಕು. ಬಿಗಿ ಬೂಟಿನಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ, ಬಿಸಿ ಹಿಡಿದಿಡುವ ಗಾಳಿಗೂ ಜಾಗ ಇರುವುದಿಲ್ಲ. ಚಳಿ ಅಂತ ಮೂರು ಸಾಕ್ಸ್ ತುರುಕಿದರೆ ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ಬೆರಳಿಗೆ ಅಂಟಿಸುವ ಟೋ ವಾರ್ಮರ್‌ಗೂ ಇದೇ ಮಾತು. ಅದರೊಳಗಿನ ಕಬ್ಬಿಣದ ಪುಡಿ ಗಾಳಿ ತಗುಲಿದರೇ ಬಿಸಿಯಾಗುವುದು. ಅದನ್ನು ಸಾಕ್ಸ್ ಮೇಲೆ ಅಂಟಿಸಿ, ಬರಿ ಚರ್ಮಕ್ಕೆ ಬೇಡ.

ಇನ್ನೊಂದು ಸಣ್ಣ ವಿಷಯ. ಅಟ್ಟಣೆಯಲ್ಲಿ ಕಾಲಿಡುವ ಜಾಗ ಕಬ್ಬಿಣದ್ದು. ಬೂಟಿನ ಬಿಸಿ ಅಡಿಯಿಂದಲೇ ಸೋರಿಹೋಗುತ್ತದೆ. ಹಳೇ ಯೋಗ ಮ್ಯಾಟ್‌ನ ಒಂದು ತುಂಡು ಹಾಸಿ ದಾರದಿಂದ ಕಟ್ಟಿದೆ. ಬೂಟಿನ ಮೇಲೆ ತೊಡುವ ಹೊದಿಕೆಗಳೂ ಸಿಗುತ್ತವೆ, ಮೇಲೆ ಹತ್ತಿ ಕೂತ ಮೇಲೆ ಹಾಕಿಕೊಳ್ಳಿ. ಅದನ್ನು ತೊಟ್ಟು ಏಣಿ ಹತ್ತಬೇಡಿ, ಜಾರುತ್ತದೆ. ಮೇಲಿರುವಷ್ಟು ಹೊತ್ತೂ ಹಾರ್ನೆಸ್, ಅಂದರೆ ಕೆಳಗೆ ಬೀಳದಂತೆ ಮೈಯನ್ನು ಮರಕ್ಕೆ ಬಿಗಿಯುವ ಪಟ್ಟಿ, ಕಟ್ಟಿರಲಿ. ಟೋಪಿ, ಕುತ್ತಿಗೆ ಪಟ್ಟಿ ಮರೆಯಬೇಡಿ. ಮೈ ತಣ್ಣಗಾದರೆ ದೇಹ ಮೊದಲು ಕೈಕಾಲಿನ ರಕ್ತವನ್ನೇ ಕಡಿಮೆ ಮಾಡುತ್ತದೆ. ನಾನು ಜೇಬಿನಲ್ಲಿ ಕಡಲೆಬೀಜ ಬೆಲ್ಲ ಇಟ್ಟುಕೊಂಡಿರುತ್ತೇನೆ.

ಕಾನೂನಿನ ಮಾತು ಚುಟುಕಾಗಿ. ವಿಸ್ಕಾನ್ಸಿನ್‌ನಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಲೈಸೆನ್ಸ್ ಪಡೆಯಲು ಸಾಮಾನ್ಯವಾಗಿ ಸುರಕ್ಷತಾ ಕೋರ್ಸ್ ಮುಗಿಸಿರಬೇಕು. ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧಕ್ಕಾದರೂ ಹೊಳೆಯುವ ಕಿತ್ತಳೆ ಅಥವಾ ಗುಲಾಬಿ ಬಣ್ಣ ಇರಬೇಕು. ಎಚ್-1ಬಿ ಅನ್ನುವ ಕೆಲಸದ ವೀಸಾದವರು ಬಂದೂಕು ಹಿಡಿಯುವುದಕ್ಕೇ ಫೆಡರಲ್ ಕಾನೂನಿನ ತಡೆ ಇದೆ, ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ. ನಾನು ಎರಡೂ ವರ್ಷ ಬಂದೂಕು ಮುಟ್ಟಲಿಲ್ಲ, ಸುಮ್ನೆ ಜೊತೆಗೆ ಕೂತೆ.

ಎರಡನೇ ವರ್ಷ ಹತ್ತೂಮುಕ್ಕಾಲಿಗೆ ಸೀಡರ್ ಮರಗಳ ಸಂದಿಯಿಂದ ಎರಡು ಹೆಣ್ಣು ಜಿಂಕೆ ಬಂದವು. ಗೆಳೆಯ ಬಂದೂಕು ಎತ್ತಲಿಲ್ಲ, ಹಿಂದೆ ಗಂಡು ಬರಬಹುದು ಅಂತ ಕಾದ. ಬರಲಿಲ್ಲ. ಗಾಳಿ ತಿರುಗಿತು, ಎರಡೂ ಬಿಳಿ ಬಾಲ ಎತ್ತಿ ಓಡಿದವು. ನನ್ನ ಬೆರಳು ಬೂಟಿನೊಳಗೆ ಆಡುತ್ತಿದ್ದವು.

ಬೆರಳು ಬೆಳ್ಳಗಾಗಿ ಸ್ಪರ್ಶವೇ ತಿಳಿಯದಿದ್ದರೆ ಮಾತ್ರ ಕಾಯಬೇಡಿ, ಇಳಿಯಿರಿ. ಉಜ್ಜಬೇಡಿ, ಒಲೆಗೆ ಒಡ್ಡಬೇಡಿ, ಉಗುರುಬೆಚ್ಚಗಿನ ನೀರಲ್ಲಿ ಇಡಿ. ಆಮೇಲೂ ಸ್ಪರ್ಶ ಬರದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ರಾತ್ರಿ ಕ್ಯಾಬಿನ್‌ಗೆ ಬಂದ ಕೂಡಲೇ, ಊಟಕ್ಕೂ ಮೊದಲು, ಬೂಟಿನ ಒಳಚೀಲ ಹೊರತೆಗೆದು ಒಲೆಯಿಂದ ದೂರ, ಗಾಳಿಯಾಡುವ ಕಡೆ ನೇತುಹಾಕಿ. ಭಾನುವಾರ ಬೆಳಗ್ಗೆ ನಾಲ್ಕೂವರೆಗೆ ಅದನ್ನೇ ಮತ್ತೆ ತೊಡಬೇಕು.