ಗ್ರುಓರ್ನ್‌ನ ಸೇಬಿನ ಮರ

ಜೂನ್ 9, 2025, ಸೋಮವಾರ

ಕ್ರೈಸ್ತರ ಫಿಂಗ್‌ಸ್ಟನ್ ಹಬ್ಬದ ಸೋಮವಾರ, ರಜೆ. ಅಂಗಡಿ ಎಲ್ಲ ಮುಚ್ಚಿವೆ. ಹಾಲು ನಿನ್ನೆಯೇ ಖಾಲಿ. ಕರಿ ಕಾಫಿ ಕುಡಿದುಕೊಂಡು ಇದನ್ನು ಬರೆಯುತ್ತಿದ್ದೇನೆ. ಪಾಪುವಿನ ಶೂ ಒಳಗೆ ಪೇಪರ್ ತುರುಕಿ ಕಿಟಕಿ ಹತ್ತಿರ ಇಟ್ಟಿದ್ದೇನೆ, ಇನ್ನೂ ಒಣಗಿಲ್ಲ.

ನಿನ್ನೆ ಆಲ್ಬ್ ಬೆಟ್ಟ ಹತ್ತಿದ್ದೆವು. ಜರ್ಮನಿಯ ಈ ರಾಯ್ಟ್ಲಿಂಗನ್‌ಗೆ ಬಂದು ನಾಲ್ಕು ವರ್ಷ ಆಯ್ತು, ಅಡುಗೆಮನೆ ಕಿಟಕಿಯಿಂದ ದಿನಾ ಆ ಬೆಟ್ಟದ ಗೋಡೆ ಕಾಣುತ್ತೆ, ಆದರೂ ಮೇಲೆ ಹೋಗಿದ್ದು ಕೈಬೆರಳಲ್ಲಿ ಎಣಿಸಬಹುದು. ಮೊದಲು ಬಾಡ್ ಊರಾಖ್ ಜಲಪಾತ. 37 ಮೀಟರ್. ನನ್ನ ಟೀಮಿನವರು ಇದರ ಬಗ್ಗೆ ಎಷ್ಟು ಹೇಳಿದ್ದರು ಅಂದರೆ, ಎದುರು ನಿಂತಾಗ ನಗು ಬಂತು. ನಾನು ಸಾಗರದವಳು, 253 ಮೀಟರಿನ ಜೋಗ ನೋಡಿ ಬೆಳೆದವಳು. "ಸುಮ್ನೆ ನೋಡು, ಅಳತೆ ಬೇಡ" ಅಂದರು ಇವರು. ಆಮೇಲೆ ಬೋರ್ಡ್ ಓದಿದಾಗ ಸ್ವಲ್ಪ ಮರ್ಯಾದೆ ಹುಟ್ಟಿತು. ಈ ನೀರಲ್ಲಿ ಸುಣ್ಣ ಕರಗಿರುತ್ತಂತೆ, ಬೀಳುವ ಜಾಗದಲ್ಲಿ ಅದು ಪಾಚಿಗೆ ಅಂಟಿ ಕಲ್ಲಾಗುತ್ತಂತೆ. ನಮ್ಮ ಹೊಳೆಗಳು ಕಲ್ಲು ಕೊರೆಯುತ್ತವೆ, ಇದು ತನ್ನ ಕಲ್ಲು ತಾನೇ ಕಟ್ಟಿಕೊಳ್ಳುತ್ತೆ. ಎದುರು ಗುಡ್ಡದ ಮೇಲೆ ಹೋಹೆನ್‌ಊರಾಖ್ ಕೋಟೆಯ ಮುರಿದ ಗೋಡೆ. ಪಾಪು ಹತ್ತಲ್ಲ ಅಂದ. ಸರಿ, ಬಿಟ್ಟೆವು.

ಬರೆಯಬೇಕು ಅನ್ನಿಸಿದ್ದು ಇದಲ್ಲ. ಗ್ರುಓರ್ನ್.

ಮ್ಯೂನ್ಸಿಂಗನ್ ಹತ್ತಿರ, ಬೆಟ್ಟದ ತಲೆ ಮೇಲಿನ ಬಯಲಲ್ಲಿ ಇರುವ, ಅಥವಾ ಇದ್ದ, ಊರು. ಅಲ್ಲಿ 1895ರಿಂದಲೇ ಸೈನ್ಯದ ತರಬೇತಿ ಮೈದಾನ ಇತ್ತು. 1937ರಲ್ಲಿ ಅದನ್ನು ದೊಡ್ಡದು ಮಾಡಬೇಕು ಅಂತ ಊರು ಬಿಡಲು ಹೇಳಿದರು. 1939ರ ಹೊತ್ತಿಗೆ 665 ಜನ, ಅಷ್ಟೂ ಮನೆ, ಖಾಲಿ. ಯುದ್ಧ ಮುಗಿದ ಮೇಲೆ ಫ್ರೆಂಚ್ ಸೈನ್ಯ ಬಂತು. ಬೀದಿ ಕಾಳಗದ ಅಭ್ಯಾಸಕ್ಕೆ ಅಂತ ಮನೆಗಳನ್ನೇ ಬಳಸಿ ಬಳಸಿ ಪುಡಿ ಮಾಡಿದರು. ಮೈದಾನ ಮುಚ್ಚಿದ್ದು 2005ರಲ್ಲಿ. ಈಗ ಎಲ್ಲ ಕಡೆ ಕುರಿ, ಹುಲ್ಲು, ಕಾಡುಹೂವು. ಆದರೆ ದಾರಿ ಬಿಟ್ಟು ಒಂದು ಹೆಜ್ಜೆಯೂ ಇಡುವ ಹಾಗಿಲ್ಲ, ನೆಲದಲ್ಲಿ ಸಿಡಿಯದ ಗುಂಡುಗಳು ಇನ್ನೂ ಇವೆ. ಹಳದಿ ಬೋರ್ಡ್ ಕಂಡಲ್ಲೆಲ್ಲ ಪಾಪುವಿನ ಕೈ ಗಟ್ಟಿ ಹಿಡಿಯುತ್ತಿದ್ದೆ, ಅವನಿಗೆ ಅದೇ ಖುಷಿ, "ಇಲ್ಲಿ ಬಾಂಬ್ ಇದ್ಯಾ? ಅಲ್ಲಿ?" ಅಂತ ದಾರಿಯುದ್ದಕ್ಕೂ.

ಟ್ರೈಲ್ಫಿಂಗನ್‌ನಲ್ಲಿ ಕಾರು ನಿಲ್ಲಿಸಿ ನಡೆದೆವು. ಮಳೆ ಬಂದು ಬಂದು ಹೋಗುತ್ತಿತ್ತು. ಊರು ಅಂದರೆ ಈಗ ಒಂದು ಚರ್ಚು, ಸ್ಮಶಾನ, ಶಾಲೆ ಕಟ್ಟಡ, ಅಷ್ಟೇ. ಉಳಿದ ಕಡೆ ಹುಲ್ಲಿನ ದಿಬ್ಬ. ಮಧ್ಯೆ ಮಧ್ಯೆ ಹಣ್ಣಿನ ಮರಗಳು. ಕಾಡಲ್ಲಿ ತಾನಾಗಿ ಬೆಳೆದ ಮರ ಅಲ್ಲ, ಯಾರೋ ಹಿತ್ತಿಲಲ್ಲಿ ನೆಟ್ಟ ಮರದ ಸಾಲು. ಮರ ನೋಡಿದರೆ ಗೊತ್ತಾಗುತ್ತೆ, ಇಲ್ಲೊಂದು ಮನೆ ಇತ್ತು, ಇಲ್ಲಿ ಬಚ್ಚಲ ನೀರು ಹೋಗ್ತಿತ್ತು.

ನಾವು ಹೋಗಿದ್ದು ಗೊತ್ತಿಲ್ಲದೆ ಸರಿಯಾದ ದಿನ. ಪ್ರತಿ ವರ್ಷ ಫಿಂಗ್‌ಸ್ಟನ್‌ಗೆ ಊರಿನವರು ಇಲ್ಲಿ ಸೇರುತ್ತಾರೆ. ಅಂದರೆ ಈಗ ಮಕ್ಕಳು, ಮೊಮ್ಮಕ್ಕಳು. ಪಾಳು ಬಿದ್ದ ಚರ್ಚನ್ನು ಇವರೇ ಮುಂದೆ ನಿಂತು ರಿಪೇರಿ ಮಾಡಿಸಿದ್ದು, ಅದೂ ಸೈನ್ಯ ಇನ್ನೂ ಇಲ್ಲೇ ಇದ್ದಾಗ. ಜನವೋ ಜನ. ಕೇಕು, ಕಾಫಿ, ಆಲೂಗಡ್ಡೆ ಸಲಾಡ್.

ಶಾಲೆ ಪಕ್ಕದ ಬೆಂಚಲ್ಲಿ ಒಬ್ಬ ಅಜ್ಜಿ ಸರಿದು ಜಾಗ ಕೊಟ್ಟರು. ಎಪ್ಪತ್ತು ದಾಟಿರಬಹುದು. ಅವರ ಅಮ್ಮ ಹುಟ್ಟಿದ್ದು ಇಲ್ಲೇ ಅಂತೆ. ಅವರ ಶ್ವೇಬಿಷ್, ಅಂದರೆ ಈ ಕಡೆಯ ಆಡುಮಾತಿನ ಜರ್ಮನ್, ನನಗೆ ಅರ್ಧ ಅರ್ಥ ಆಗುತ್ತಿತ್ತು, ಇನ್ನರ್ಧ ಅವರ ಕೈ ನೋಡಿ. ಕೋಲು ಎತ್ತಿ ತೋರಿಸಿದರು: ಅಲ್ಲಿ, ಆ ಮರದ ಹಿಂದೆ, ನಮ್ಮನೆ. ನೋಡಿದೆ. ಏನೂ ಇಲ್ಲ. ಅವರು ಮಾತ್ರ ಬಾಗಿಲು ಎಲ್ಲಿ, ದನದ ಕೊಟ್ಟಿಗೆ ಎಲ್ಲಿ ಅಂತ ಹೇಳುತ್ತಲೇ ಇದ್ದರು. ಆಮೇಲೆ ನಕ್ಕು, "ನಾನೂ ಮನೆ ನೋಡಿಲ್ಲ, ಅಮ್ಮ ಹೇಳಿದ್ದನ್ನೇ ಹೇಳ್ತಿದ್ದೇನೆ" ಅಂದರು.

ನಂತರ ಕೇಳಿದರು, ನಿನ್ನ ಹೈಮಾಟ್, ಅಂದರೆ ನಿನ್ನ ಊರು, ಎಲ್ಲಿ?

ಜರ್ಮನ್ ಕ್ಲಾಸಲ್ಲಿ ಟೀಚರ್ ಈ ಪದದ ಮೇಲೆ ಒಂದು ಗಂಟೆ ಪಾಠ ಮಾಡಿದ್ದರು, ಬೇರೆ ಭಾಷೆಯಲ್ಲಿ ಇದಕ್ಕೆ ಪದವೇ ಇಲ್ಲ ಅಂತ. ನಾನು ಸುಮ್ಮನೆ ಕೂತಿದ್ದೆ. ಬಸ್ಸಲ್ಲಿ ಪಕ್ಕದಲ್ಲಿ ಕೂತವರು ಹೆಸರಿಗಿಂತ ಮೊದಲು ಕೇಳುವುದೇ ಅದನ್ನಲ್ವಾ, "ಯಾವೂರಾತು?"

ಇಂಡಿಯಾ ಅಂದು ಮುಗಿಸಬಹುದಿತ್ತು. ಯಾಕೋ ನಿಜ ಹೇಳಿಬಿಟ್ಟೆ. ನಮ್ಮಜ್ಜಿಯ ಊರು ನೀರಿನ ಅಡಿ ಇದೆ ಅಂದೆ.

ಅಜ್ಜಿ ಶರಾವತಿ ಆಚೆ ದಡದ ಕರೂರು ಸೀಮೆಗೆ ಮದುವೆಯಾಗಿ ಹೋಗಿ ಮೂರು ವರ್ಷ ಆಗಿತ್ತು ಅಷ್ಟೇ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ಅದಕ್ಕೂ ಮೊದಲೇ ಲಾರಿ ಬಂತು. ಹೆಂಚು ಇಳಿಸಿ, ಬಾಗಿಲು ಕಿತ್ತು, ಕೊಟ್ಟಿಗೆಯ ದನ ಹೊಡೆದುಕೊಂಡು, ಕಡಿದು ತೆಗೆದ ಕಾಡಿನ ಮಧ್ಯೆ ಹೊಸ ಬದುಕು. ಆ ಬಾಗಿಲು ಈಗಲೂ ನಮ್ಮನೆಯಲ್ಲಿ ಇದೆ, ಗೋಡೆಗಿಂತ ಒಂದು ಗೇಣು ದೊಡ್ಡದು. ಇವತ್ತಿಗೂ ಅಜ್ಜಿ ಪೇಪರ್ ಬಂದರೆ ಮೊದಲು ನೋಡುವುದು ಡ್ಯಾಮಿನ ಮಟ್ಟ. ಪೂರ್ತಿ 1819 ಅಡಿ. ಎಲ್ಲರೂ ತುಂಬಲಿ ಅಂತ ನೋಡಿದರೆ ಅಜ್ಜಿ ಇಳಿಯಲಿ ಅಂತ ನೋಡುತ್ತಾಳೆ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಅದಕ್ಕೂ ಹಿಂದಿನ ಹಿರೇಭಾಸ್ಕರ ಡ್ಯಾಮ್ ಎದ್ದು ಕಾಣುತ್ತೆ, ಜನ ಫೋಟೋ ತೆಗೆಯಲು ಹೋಗುತ್ತಾರೆ. ಅಜ್ಜಿಯ ಅಂಗಳ ಎದ್ದಿಲ್ಲ.

ಬೆಂಚಿನ ಅಜ್ಜಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದ್ದು ಒಂದೇ. "ಹಾಗಾದರೆ ನೀವು ಎಲ್ಲಿ ಸೇರುತ್ತೀರಿ?"

ಉತ್ತರ ಇರಲಿಲ್ಲ. ಮದುವೆ ಮನೆಯಲ್ಲಿ ಸೇರ್ತೀವಿ ಅಂದೆ. ಸಿಗಂದೂರಿಗೆ ಹೋಗುವಾಗ ಲಾಂಚಿನಲ್ಲಿ ಅಜ್ಜಿ ಯಾವುದೋ ಒಂದು ಜಾಗ ಬಂದಾಗ ಸೆರಗು ಸರಿ ಮಾಡಿಕೊಂಡು ನೀರಿಗೆ ಕೈ ಮುಗಿಯುತ್ತಿದ್ದಳು, ಅದನ್ನು ಹೇಳಲು ನನ್ನ ಜರ್ಮನ್ ಸಾಲಲಿಲ್ಲ. ಈಗ ಅಲ್ಲಿ ಸೇತುವೆ ಮುಗಿಯುತ್ತಾ ಬಂದಿದೆಯಂತೆ. ಕಾರು ಬುರ್ರ್ ಅಂತ ದಾಟುತ್ತೆ. ಒಳ್ಳೇದೇ, ಆ ದಡದಲ್ಲಿ ಹೆರಿಗೆ ನೋವು ಬಂದವರನ್ನು ಲಾಂಚಿಗೆ ಕಾಯಿಸಿದವರಿಗೆ ಅದರ ಬೆಲೆ ಗೊತ್ತು. ಆದರೂ.

ಹೊಟ್ಟೆಕಿಚ್ಚಾಯ್ತು, ನಿಜ ಹೇಳ್ತೀನಿ. ಸೈನ್ಯ ಅರವತ್ತಕ್ಕೂ ಹೆಚ್ಚು ವರ್ಷ ಗುಂಡು ಹೊಡೆದ ಊರಿನ ಮೇಲೆ ಹೊಟ್ಟೆಕಿಚ್ಚು! ಅವರಿಗೆ ನಿಲ್ಲಲು ನೆಲ ಇದೆ. ಸಮಾಧಿಗೆ ಹೂವು ಇಡಬಹುದು.

ರಾತ್ರಿ ಅಜ್ಜಿಗೆ ವಿಡಿಯೋ ತೋರಿಸಲು ಆಗಲಿಲ್ಲ, ಅಲ್ಲಿ ಮಧ್ಯರಾತ್ರಿ ದಾಟಿತ್ತು. ಇವತ್ತು ಬೆಳಿಗ್ಗೆ ಚಿಕ್ಕಿ ಫೋನ್ ಹಿಡಿದಳು. ಎರಡು ತಿಂಗಳಿಂದ ಅಜ್ಜಿ ಹೆಸರು ಮರೆಯುತ್ತಿದ್ದಾಳೆ. ನನ್ನನ್ನು ಎರಡು ಸಲ ಅಮ್ಮನ ಹೆಸರಲ್ಲಿ ಕರೆದಳು. ನಾನು ತಿದ್ದಲಿಲ್ಲ. ಗ್ರುಓರ್ನ್ ಕತೆ ಮಾತ್ರ ಗಮನ ಇಟ್ಟು ಕೇಳಿದಳು.

"ಎಲ್ಲಾ ಮನೇನೂ ಬಿಡ್ಸಿದ್ರನೇ?"

ಹೌದು ಅಜ್ಜಿ.

"ಬಾವಿ ಇತ್ತಾ?"

ಇದು ನನಗೆ ಹೊಳೆದೇ ಇರಲಿಲ್ಲ. ಆಲ್ಬ್ ಪೂರ್ತಿ ಸುಣ್ಣಕಲ್ಲು, ಬಿದ್ದ ಮಳೆ ಜರಡಿಯಲ್ಲಿ ಹೋದಂತೆ ಕೆಳಗೆ ಇಳಿದುಹೋಗುತ್ತೆ, ಮೇಲೆ ಹೊಳೆಯೂ ನಿಲ್ಲಲ್ಲ. ಹಿಂದೆಲ್ಲ ಊರಿನವರು ಜೇಡಿಮಣ್ಣು ಮೆತ್ತಿದ ಹೊಂಡ ಮಾಡಿ ಮಳೆನೀರು ಹಿಡಿಯುತ್ತಿದ್ದರು, ಹ್ಯೂಲೆ ಅಂತಾರೆ. ದನಕ್ಕೂ ಅದೇ. 1870ರ ನಂತರವೇ ಕಣಿವೆಯಿಂದ ಪಂಪ್ ಮಾಡಿ ಮೇಲೆ ನೀರು ತಂದಿದ್ದು. ಇದೆಲ್ಲ ಹೇಳಿದೆ. ಅಜ್ಜಿಗೆ ನಗು ತಡೆಯಲಾಗಲಿಲ್ಲ. "ನೀರಿಲ್ದಿದ್ ಊರೂ ಬಿಡ್ಸಿದ್ರಾ! ನಾನು ನೀರಿದ್ರೆ ಮಾತ್ರ ಬಿಡುಸ್ತಾರೆ ಅಂದ್ಕಂಡಿದ್ದೆ."

ಕೆಮ್ಮು ಬರುವಷ್ಟು ನಕ್ಕಳು. ಚಿಕ್ಕಿ ನೀರು ಕುಡಿಸಿದಳು.

ಫೋಟೋ ಕಳಿಸಿದ್ದೆ, ಸೇಬಿನ ಮರದ್ದು. ಚಿಕ್ಕಿ ದೊಡ್ಡದು ಮಾಡಿ ತೋರಿಸಿದಳು. ಅಜ್ಜಿ ಬಹಳ ಹೊತ್ತು ನೋಡಿದಳು. ಆ ಮನೆಯ ಹಿತ್ತಿಲಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು ಅಂತ ನಮಗೆಲ್ಲ ಬಾಯಿಪಾಠ, ಕಡಿಯಲು ಮನಸ್ಸು ಬರದೆ ಹಾಗೇ ಬಿಟ್ಟು ಬಂದ ಮರ. ಈಗ ಆ ಕತೆ ಶುರು ಆಗುತ್ತೆ ಅಂದುಕೊಂಡೆ. ಇಲ್ಲ.

"ಹಣ್ಣು ಯಾರು ಕೊಯ್ತಾರೆ?" ಅಂದಳು.

ನಾನು ಕೇಳಿಲ್ಲ. ಅಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದೆ, ಕೇಕು ತಿಂದೆ, ಮಳೆ ಬಗ್ಗೆ ಮಾತಾಡಿದೆ, ಇದನ್ನು ಕೇಳಿಲ್ಲ. ಆ ಅಜ್ಜಿಯ ಫೋನ್ ನಂಬರ್ ಕೂಡ ಇಲ್ಲ. ಸೇಬು ಸೆಪ್ಟೆಂಬರಲ್ಲಿ ಹಣ್ಣಾಗುತ್ತೆ, ಆಗ ಒಂದು ಸಲ ಹೋಗಿ ನೋಡಿ ಬರೋಣ ಅಂತ ಇವರಿಗೆ ಹೇಳಿದ್ದೇನೆ. ಅಷ್ಟರಲ್ಲಿ ಅಜ್ಜಿಗೆ ತಾನು ಏನು ಕೇಳಿದ್ದೆ ಅಂತ ನೆನಪಿರುತ್ತೋ ಇಲ್ಲವೋ.