ಹಿಮ್ಮಡಿ ಊರಿದರೂ ನಿಲ್ಲದ ಗುಡ್ಡ

ಫೆಬ್ರುವರಿಯ ಮೂರನೇ ಸೋಮವಾರ ಕೆನಡಾದ ಒಂಟಾರಿಯೋದಲ್ಲಿ ಫ್ಯಾಮಿಲಿ ಡೇ ರಜೆ. ನಾವು ಮಿಸಿಸಾಗಾಕ್ಕೆ ಬಂದ ಮೊದಲ ಚಳಿಗಾಲ ಅದು. ಮಗಳಿಗೆ ಆರು ವರ್ಷ. ಶಾಲೆಯಲ್ಲಿ ಎಲ್ಲರೂ ಹಿಮದ ಗುಡ್ಡ ಜಾರುವ ಸ್ಲೆಡ್ಡಿಂಗ್ ಕತೆ ಹೇಳ್ತಾರೆ, ನಾನೊಬ್ಬಳೇ ಹೋಗಿಲ್ಲ ಎಂದು ಡಿಸೆಂಬರಿನಿಂದಲೇ ಅವಳ ರಗಳೆ. ಅದಕ್ಕೇ ಒಂದು ನೀಲಿ ಪ್ಲಾಸ್ಟಿಕ್ ಸ್ಲೆಡ್ ತಂದಿದ್ದೆವು. ಇಬ್ಬರು ಕೂರುವಷ್ಟು ಉದ್ದ, ಮುಂದೆ ಹಳದಿ ಹಗ್ಗ.

ನನಗೆ ಹೆದರಿಕೆ ಅನ್ನುವುದೇ ಇರಲಿಲ್ಲ. ನಾನು ಮಲೆನಾಡಿನ ಸಾಗರದ ಕಡೆಯವಳು. ಬೇಸಿಗೆ ರಜೆ ಬಂತೆಂದರೆ ಬ್ಯಾಣದ ಒಣಹುಲ್ಲಿನ ಇಳಿಜಾರಿನಲ್ಲಿ ಅಡಿಕೆ ಹಾಳೆಯ ಮೇಲೆ ಕೂತು ಜಾರುವುದೇ ನಮ್ಮ ಆಟ. ಮುಂದೆ ಅಣ್ಣ, ಅವನ ಬೆನ್ನಿಗೆ ನಾನು. ಕೆಳಗೆ ಅಗಳ, ಅಂದರೆ ಕಂದಕ, ಇದ್ದದ್ದು ಗೊತ್ತಿದ್ದೂ ಯಾರೂ ಅದರ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಜೋರಾಯಿತು ಅನ್ನಿಸಿದರೆ ಹಿಮ್ಮಡಿ ಊರಿದರಾಯಿತು. ಹುಲ್ಲು, ಮಣ್ಣು ಕಿತ್ತುಕೊಂಡು ಹಾಳೆ ಅಲ್ಲೇ ನಿಲ್ಲುತ್ತಿತ್ತು. ಹಾಳೆಯ ಜಾಗಕ್ಕೆ ಪ್ಲಾಸ್ಟಿಕ್, ಹುಲ್ಲಿನ ಜಾಗಕ್ಕೆ ಹಿಮ, ಅಷ್ಟೇ ವ್ಯತ್ಯಾಸ ಎಂದುಕೊಂಡಿದ್ದೆ.

ಶನಿವಾರ ಹಿಮ ಬಿದ್ದಿತ್ತು. ಭಾನುವಾರ ಫ್ರೀಜಿಂಗ್ ರೇನ್. ಬೀಳುವಾಗ ಮಳೆ, ನೆಲ ಮುಟ್ಟಿದ್ದೇ ಮಂಜುಗಡ್ಡೆ. ಸೋಮವಾರ ಬೆಳಗ್ಗೆ ಒಳ್ಳೆಯ ಬಿಸಿಲು, ಮೈನಸ್ 11 ಡಿಗ್ರಿ. ಪಾರ್ಕಿನ ಗುಡ್ಡ ಎಣ್ಣೆ ಹಚ್ಚಿದ ಕಾವಲಿಯ ಹಾಗೆ ಹೊಳೆಯುತ್ತಿತ್ತು. ಎಷ್ಟು ಚೆನ್ನಾಗಿದೆ ಅಲ್ವಾ ಎಂದು ಇವರಿಗೆ ಹೇಳಿದವಳೂ ನಾನೇ. ಆ ಹೊಳಪೇ ಅಪಾಯದ ಗುರುತು ಎಂದು ತಿಳಿದುಕೊಳ್ಳುವ ಕಣ್ಣು ನನಗಿನ್ನೂ ಬಂದಿರಲಿಲ್ಲ.

ಗುಡ್ಡದ ತುಂಬ ಮಕ್ಕಳು. ಕೆಲವರು ತಟ್ಟೆಯಂಥ ದುಂಡು ಸ್ಲೆಡ್‌ಗಳಲ್ಲಿ ಗಿರಗಿರ ತಿರುಗುತ್ತಾ ಇಳಿಯುತ್ತಿದ್ದರು. ದೊಡ್ಡ ಹುಡುಗರಿಬ್ಬರು ಹೊಟ್ಟೆಯ ಮೇಲೆ ಮಲಗಿ, ತಲೆ ಮುಂದೆ ಮಾಡಿಕೊಂಡು ಇಳಿಯುತ್ತಿದ್ದರು. ಹತ್ತುವವರು, ಇಳಿಯುವವರು ಎಲ್ಲರೂ ಕಲಸಿಹೋಗಿದ್ದರು. ಮಗಳಿಗೆ ಉಣ್ಣೆಯ ಟೋಪಿ, ಸ್ನೋ ಪ್ಯಾಂಟು, ಊರಿನಿಂದ ಅವಳ ಅಜ್ಜಿ ಹೆಣೆದು ಕಳಿಸಿದ ಕೆಂಪು ಮಫ್ಲರ್. ನಾನು ಜೀನ್ಸ್‌ನಲ್ಲಿದ್ದೆ. ಹೆಲ್ಮೆಟ್ ಇಬ್ಬರಿಗೂ ಇರಲಿಲ್ಲ.

ಅವಳನ್ನು ಮುಂದೆ ಕೂರಿಸಿ ಹಿಂದೆ ಕೂತೆ. ಕಾಲು ಎರಡೂ ಸ್ಲೆಡ್ಡಿನ ಹೊರಗೆ. ಇವರು ಹಿಂದಿನಿಂದ ಮೆಲ್ಲಗೆ ತಳ್ಳಿದರು. ಮೂರು ಎಣಿಸುವಷ್ಟರಲ್ಲಿ ಕಿವಿಗೆ ಗಾಳಿಯ ಸದ್ದು ಬಿಟ್ಟು ಬೇರೇನೂ ಕೇಳಿಸದಾಯಿತು. ಎಡಗಡೆ ನಾಲ್ಕೈದು ಪುಟ್ಟ ಮಕ್ಕಳು ಸಾಲಾಗಿ ಹತ್ತುತ್ತಿದ್ದರು, ಸ್ಲೆಡ್ಡು ಅವರ ಕಡೆಗೇ ವಾಲುತ್ತಿತ್ತು. ಬಲಗಾಲಿನ ಹಿಮ್ಮಡಿ ಊರಿದೆ. ಯೋಚಿಸಿ ಮಾಡಿದ್ದಲ್ಲ, ಬ್ಯಾಣದಲ್ಲಿ ಕಲಿತ ಕಾಲು ತಾನಾಗಿಯೇ ಮಾಡಿತು. ಮೊದಲು ಬೂಟು ಸುಮ್ಮನೆ ಜಾರಿತು. ಆಮೇಲೆ ಮಂಜುಗಡ್ಡೆಯ ಯಾವುದೋ ಅಂಚಿಗೆ ಸಿಕ್ಕಿಕೊಂಡಿತು. ಕಾಲು ಅಲ್ಲೇ ಉಳಿಯಿತು, ಮೈ ಮುಂದೆ ಹೋಯಿತು. ಒಣ ಪುರಲೆ ಮುರಿದಂಥ ಸದ್ದು ಕೇಳಿಸಿತು.

ನಾನು ಹೊರಗೆ ಬಿದ್ದೆ. ಸ್ಲೆಡ್ಡು ಅರ್ಧ ಸುತ್ತು ತಿರುಗಿ, ಹಿಮ್ಮುಖವಾಗಿ ಹೋಗುತ್ತಲೇ ಇತ್ತು. ಹಾಗಾಗಿ ಮಗಳ ಮುಖ ನನ್ನ ಕಡೆಗೇ ಇತ್ತು. ಅಳಲಿಲ್ಲ, ಕೂಗಲಿಲ್ಲ. ಚಿಕ್ಕದಾಗುತ್ತಾ ಚಿಕ್ಕದಾಗುತ್ತಾ ನನ್ನನ್ನೇ ನೋಡುತ್ತಿದ್ದಳು. ಅವಳ ಬೆನ್ನ ಹಿಂದೆ ಬಯಲು, ಬಯಲಿನ ಆಚೆ ಪಾರ್ಕಿಂಗ್ ಲಾಟ್, ಅಲ್ಲಿ ಕಾರುಗಳು ಓಡಾಡುತ್ತಿದ್ದವು. ಅಲ್ಲೊಂದು ಪಾರ್ಕಿಂಗ್ ಲಾಟ್ ಇದೆ ಎಂಬುದನ್ನು ನಾನು ನೋಡಿದ್ದು ಆಗಲೇ. ಅದೇ ಜಾಗದಲ್ಲಿ ಅರ್ಧ ಗಂಟೆ ಮೊದಲು ನಮ್ಮ ಕಾರು ನಿಲ್ಲಿಸಿ ನಡೆದು ಬಂದವಳು ನಾನು.

ಬಯಲು ಉದ್ದಕ್ಕಿತ್ತು. ಲಾಟ್‌ಗೆ ಹದಿನೈದು ಹೆಜ್ಜೆ ಇರುವಾಗ ಸ್ಲೆಡ್ಡು ತಾನಾಗಿ ನಿಂತಿತು. ನಾನೂ ನಿಲ್ಲಿಸಲಿಲ್ಲ, ಅವಳೂ ನಿಲ್ಲಿಸಲಿಲ್ಲ, ಆ ಬಯಲು ನಿಲ್ಲಿಸಿತು.

ನಾನು ಬಿದ್ದದ್ದು ನಟ್ಟನಡುವೆ. ಮೇಲಿನಿಂದ ಒಂದಾದಮೇಲೊಂದು ಸ್ಲೆಡ್ಡು ಬರುತ್ತಲೇ ಇದ್ದವು, ನನಗೆ ಏಳಲು ಆಗುತ್ತಿರಲಿಲ್ಲ. ಆಗ ಯಾರೋ ವಯಸ್ಸಾದವರೊಬ್ಬರು ನನಗಿಂತ ಹತ್ತು ಹೆಜ್ಜೆ ಮೇಲೆ ಬಂದು, ಎರಡೂ ಕೈ ಚಾಚಿ ನಿಂತು ಗಟ್ಟಿಯಾಗಿ ಕೂಗತೊಡಗಿದರು. ನೀರು ಕಲ್ಲಿಗೆ ಬಂದು ಕವಲೊಡೆಯುವ ಹಾಗೆ ಮಕ್ಕಳು ಅವರ ಎಡಬಲಕ್ಕೆ ಸರಿದು ಹೋದರು. ಇಬ್ಬರು ನನ್ನನ್ನು ಇನ್ನೊಂದು ಸ್ಲೆಡ್ಡಿಗೆ ಹತ್ತಿಸಿ ಅಂಚಿಗೆ ಎಳೆದರು. ಮೈಯ ಬಿಸಿಗೆ ಕರಗಿದ ಮಂಜು ಜೀನ್ಸ್‌ಗೆ ಇಳಿದು, ಹತ್ತು ನಿಮಿಷದಲ್ಲಿ ಹಲ್ಲು ಕಟಕಟ ಅನ್ನತೊಡಗಿತು. ನೋವಿಗಿಂತ ಆ ನಡುಕವೇ ಹೆಚ್ಚು ನೆನಪಿದೆ. ಹತ್ತಿಬಟ್ಟೆ ಒದ್ದೆಯಾದರೆ ಮೈಯ ಬಿಸಿಯನ್ನೆಲ್ಲ ಹೀರಿಬಿಡುತ್ತದೆ. ಹಿಮಕ್ಕೆ ಅದು ಒಗ್ಗುವ ಬಟ್ಟೆಯಲ್ಲ.

ಆ ಹಿರಿಯರು ಹೋಗುವ ಮೊದಲು ಇವರನ್ನು ಒಂದೇ ಪ್ರಶ್ನೆ ಕೇಳಿದರಂತೆ: "ಹತ್ತುವ ಮೊದಲು ಕೆಳಗೆ ಒಂದು ಸುತ್ತು ನಡೆದು ನೋಡಿದಿರಾ?" ಬೈಯುವ ದನಿಯಲ್ಲಿ ಅಲ್ಲ. ಊಟ ಆಯಿತೇ ಎಂದು ಕೇಳುವ ಹಾಗೆ.

ಹರಡಿನ ಹೊರಗಿನ ಮೂಳೆ ಬಿರುಕು ಬಿಟ್ಟಿತ್ತು. ಆರು ವಾರ ಕಾಲಿಗೆ ದೊಡ್ಡ ಬೂಟು, ಕಂಕುಳಲ್ಲಿ ಊರುಗೋಲು. ಊರಿಗೆ ಫೋನ್ ಮಾಡಿ ಹೇಳಿದಾಗ ಅಮ್ಮ ಮೊದಲು ಕೇಳಿದ್ದು, "ಕೂಸಿಗೇನೂ ಆಗಲಿಲ್ಲ ಅಲ್ದಾ?" ಎಂದು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಹಾಳೆ ಮೇಲೆ ಹೋಗೋವಾಗ ನಾನು ಅಗಳದ ಹತ್ರ ನಿಂತಿರ್ತಿದ್ದೆ, ನಿಂಗೆ ನೆನಪಿಲ್ಲ" ಅಂದಳು. ನಿಜವಾಗಿಯೂ ನನಗೆ ನೆನಪಿರಲಿಲ್ಲ. ಕೆಳಗೆ ಯಾರೋ ನಿಂತಿದ್ದರು ಎಂಬ ಧೈರ್ಯದಲ್ಲೇ ಅಷ್ಟು ವರ್ಷ ಜಾರಿದ್ದೆ.

ಕಾಲು ಮೇಲಿಟ್ಟು ಕೂತ ಆ ವಾರಗಳಲ್ಲಿ ಓದಿದೆ. ಸ್ಲೆಡ್ಡು ಗಂಟೆಗೆ 40 ಕಿ.ಮೀ. ವೇಗ ಮುಟ್ಟಬಹುದು. ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ಕಾರಿಗಿರುವ ಮಿತಿಯೂ ಅಷ್ಟೇ. ಅಮೆರಿಕದಲ್ಲಿ 1997ರಿಂದ 2007ರವರೆಗಿನ ಲೆಕ್ಕ ಹಿಡಿದು ಮಾಡಿದ ಅಧ್ಯಯನದ ಅಂದಾಜಿನಂತೆ, ಸ್ಲೆಡ್ಡಿಂಗ್‌ನಲ್ಲಿ ಪೆಟ್ಟಾಗಿ ವರ್ಷಕ್ಕೆ 20,000ಕ್ಕೂ ಹೆಚ್ಚು ಮಕ್ಕಳು ಎಮರ್ಜೆನ್ಸಿಗೆ ಬರುತ್ತಿದ್ದರು. ಸರಿಸುಮಾರು ಅರ್ಧದಷ್ಟು ಪೆಟ್ಟು ಯಾವುದಕ್ಕಾದರೂ ಡಿಕ್ಕಿ ಹೊಡೆದು ಆದದ್ದು, ಮೂರರಲ್ಲೊಂದು ತಲೆಗೆ ಬಿದ್ದದ್ದು. ಅದನ್ನು ಓದಿದ ರಾತ್ರಿ ಮಗಳ ಹಾಸಿಗೆಯ ಪಕ್ಕ ಬಹಳ ಹೊತ್ತು ಕೂತಿದ್ದೆ. ಮರ, ಕಂಬ, ಬೆಂಚು ಯಾವುದೊಂದಿದ್ದರೂ ಹಿಮ್ಮುಖವಾಗಿ ಹೋಗುತ್ತಿದ್ದ ಆ ತಲೆಗೆ ಉಣ್ಣೆಯ ಟೋಪಿಯೊಂದೇ ಅಡ್ಡ. ಕೆನಡಾದ ಮಕ್ಕಳ ವೈದ್ಯರ ಸಂಘ ಗುಡ್ಡ ಜಾರುವ ಮಕ್ಕಳಿಗೆ ಹೆಲ್ಮೆಟ್ ಬೇಕೆಂದು ಎಂದೋ ಹೇಳಿದೆ. ಗೊತ್ತಿಲ್ಲದೆ ಇದ್ದವಳು ನಾನು.

2024ರ ಜನವರಿಯಲ್ಲಿ ಪಕ್ಕದ ಟೊರೊಂಟೊ ನಗರಾಡಳಿತ 45 ಗುಡ್ಡಗಳಲ್ಲಿ ಸ್ಲೆಡ್ಡಿಂಗ್ ನಿಷೇಧಿಸಿದಾಗ ಜನ ಸಿಟ್ಟಾದರು. ತಲೆಮಾರುಗಳಿಂದ ಜಾರುತ್ತಿದ್ದೇವೆ, ಈಗೇನು ಎಂದರು. ಆ ಸಿಟ್ಟು ನನಗೆ ಅರ್ಥವಾಗುತ್ತದೆ; ಈ ಉದ್ದ ಚಳಿಗಾಲದಲ್ಲಿ ಮಕ್ಕಳಿಗೆ ದುಡ್ಡಿಲ್ಲದೆ ಸಿಗುವ ಸಂತೋಷ ಇದೊಂದೇ. ಆದರೆ ಆ ನಿಷೇಧಕ್ಕೆ ಕೊಟ್ಟ ಕಾರಣಗಳಲ್ಲಿ ಮರ, ರಸ್ತೆ ಎಂದು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ಪಾರ್ಕಿಂಗ್ ಲಾಟ್. ಬೋರ್ಡು ಹಾಕಿದ್ದು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಮರುವರ್ಷ ಮತ್ತೆ ಹೋದೆವು. ಮಗಳು ಕೇಳಿದ್ದಕ್ಕೆ ಮಾತ್ರವಲ್ಲ, ಆ ಮುಖದ ನೆನಪಿನೊಂದಿಗೆ ಈ ಆಟವನ್ನು ಹಾಗೇ ಬಿಡಲು ನನಗೂ ಮನಸ್ಸಾಗಲಿಲ್ಲ. ಈ ಸಲ ಮೊದಲು ಗುಡ್ಡದ ಬುಡದಲ್ಲೇ ನಡೆದೆವು. ಬೇಲಿ ಎಲ್ಲಿ, ರಸ್ತೆ ಎಷ್ಟು ದೂರ, ಹಿಮದಡಿ ಕಲ್ಲೋ ಬೊಡ್ಡೆಯೋ ಇದೆಯೇ ಎಂದು ನೋಡಿದೆವು. ಆಮೇಲೆ ಹಿಮಕ್ಕೆ ಹಿಮ್ಮಡಿ ಒತ್ತಿ ನೋಡಿದೆ. ಈಗ ನನ್ನ ಹಿಮ್ಮಡಿಗೆ ಇದೊಂದೇ ಕೆಲಸ. ಒತ್ತಿದಾಗ ಹೂತರೆ ಸರಿ, ಟಕ್ ಎಂದು ಸದ್ದು ಬಂದರೆ ಮನೆಗೆ ವಾಪಸ್. ಮೊದಲ ಎರಡು ಸಲ ವಾಪಸ್ಸೇ ಬಂದೆವು; ಒಮ್ಮೆಯಂತೂ ಕಾರಿನಲ್ಲಿ ಅವಳು ಮನೆಯವರೆಗೂ ಅತ್ತಳು. ಆ ಅಳು ಕೇಳುತ್ತಾ ಕೂರುವುದು ಸುಲಭವಾಗಿರಲಿಲ್ಲ.

ಮೂರನೆಯ ಸಲ ಹಿಂದಿನ ರಾತ್ರಿಯ ಹೊಸ ಹಿಮ, ಅರಳಿನ ಹಾಗೆ ಹಗುರ. ತಲೆಗೆ ಹೆಲ್ಮೆಟ್. ಕೆಂಪು ಮಫ್ಲರ್ ಮನೆಯಲ್ಲೇ. ಅದರ ತುದಿ ಸ್ಲೆಡ್ಡಿಗೋ ಕೊಂಬೆಗೋ ಸಿಕ್ಕಿಕೊಂಡರೆ ಕುತ್ತಿಗೆಗೇ ಉರುಳು. ಅದರ ಬದಲು ತಲೆಯಿಂದ ಎಳೆದು ಹಾಕಿಕೊಳ್ಳುವ ನೆಕ್ ವಾರ್ಮರ್. ಇವರು ಮೇಲೆ ನಿಂತರು. ದಾರಿ ಖಾಲಿಯಾಗುವವರೆಗೆ ಅವಳ ಭುಜ ಹಿಡಿದುಕೊಂಡಿದ್ದು, ಆಮೇಲೆ ಬಿಟ್ಟರು. ನಾನು ಕೆಳಗೆ, ದಾರಿಯ ಪಕ್ಕಕ್ಕೆ ನಿಂತಿದ್ದೆ.

ನೆಟ್ಟಗೆ ಕೂತು, ಕಾಲು ಎರಡೂ ಸ್ಲೆಡ್ಡಿನ ಒಳಗಿಟ್ಟುಕೊಂಡು, ಈ ಸಲ ಮುಖ ಮುಂದೆ ಮಾಡಿಯೇ ಬಂದಳು. ದೂರದಲ್ಲಿ ಚುಕ್ಕೆಯ ಹಾಗಿದ್ದ ಮುಖ ದೊಡ್ಡದಾಗುತ್ತಾ ದೊಡ್ಡದಾಗುತ್ತಾ ನನ್ನ ಹತ್ತಿರ ಬಂತು. ಬಾಯಿ ತುಂಬ ನಗು, ಕಣ್ರೆಪ್ಪೆಯ ಮೇಲೆ ಹಿಮ. ಸ್ಲೆಡ್ಡು ನಿಂತದ್ದೇ ಉರುಳಿ ಎದ್ದು, ಒಮ್ಮೆ ತಿರುಗಿ ಮೇಲೆ ನೋಡಿ, ಹಗ್ಗ ಹಿಡಿದುಕೊಂಡು ಬಲಗಡೆಯ ಅಂಚಿಗೆ ಓಡಿದಳು. "ಅಮ್ಮಾ, ಇಲ್ಲೇ ಇರು" ಎಂದು ಕೂಗಿ ಹತ್ತತೊಡಗಿದಳು.