ಫ್ರಾನ್ಸ್‌ಗೆ ಹೋಗಿ ಹಳ್ಳಿ ನೋಡ್ಕೊಂಡು ಬಂದ್ಯಾ?

ಎಲ್ಲರೂ ಕೇಳೋದು ಇದೇ. "ಅಷ್ಟು ದುಡ್ಡು ಸುರಿದು ಫ್ರಾನ್ಸ್‌ಗೆ ಹೋಗಿ ಹಳ್ಳಿ ನೋಡ್ಕೊಂಡು ಬಂದ್ಯಾ? ನಮ್ಮಲ್ಲಿ ಹಳ್ಳಿ ಇರ್ಲಿಲ್ವಾ?" ಆಫೀಸಲ್ಲಿ ನಗ್ತಾ ಕೇಳ್ತಾರೆ, ನೆಂಟರು ನಗದೇ ಕೇಳ್ತಾರೆ, ಲಿಫ್ಟಲ್ಲಿ ಸಿಗೋ ಆಂಟಿಯಂತೂ ಐಫೆಲ್ ಟವರ್ ಮುಂದೆ ನಿಂತಿರೋ ಫೋಟೋ ಒಂದೂ ಇಲ್ವಲ್ಲ ಅಂತ ನಿಜವಾಗ್ಲೂ ಸಂಕಟ ಪಟ್ಕೊಂಡು ಕೇಳ್ತಾರೆ. ಹೇಳಿ ಹೇಳಿ ಬಾಯಿ ನೋಯ್ತಿದೆ. ಒಂದ್ಸಲ ಪೂರ್ತಿ ಬರೆದಿಟ್ಟುಬಿಡ್ತೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಫಾರ್ವರ್ಡ್ ಮಾಡೋದು.

ಹೌದು, ಹಳ್ಳಿ ನೋಡೋಕೇ ಹೋಗಿದ್ದು. ಪ್ಯಾರಿಸ್‌ನಲ್ಲಿ ಇಳಿದೆ, ದಕ್ಷಿಣಕ್ಕೆ ಹೋಗೋ ಟ್ರೈನ್ ಹತ್ತಿದೆ, ಮುಗೀತು. ಟವರ್ 1889ರಿಂದ ಅಲ್ಲೇ ನಿಂತಿದೆ, ನಾನು ನೋಡ್ಲಿಲ್ಲ ಅಂತ ಬಿದ್ದು ಹೋಗಲ್ಲ.

ನಮ್ಮ ಚಿಕ್ಕಮ್ಮನ ಮಗಳು ಟೂಲೂಸ್‌ನಲ್ಲಿದಾಳೆ, ಬೆಂಗಳೂರಿಂದ ಹೋದ ಸುಮಾರು ಇಂಜಿನಿಯರ್‌ಗಳ ಹಾಗೆ ವಿಮಾನದ ಕೆಲಸ. ಅವಳ ಮನೆಯಿಂದ ಉತ್ತರಕ್ಕೆ ಸ್ವಲ್ಪ ಹೋದ್ರೆ ಲಾಟ್ ಅನ್ನೋ ನದಿ, ನದಿ ಮೇಲಿನ ಬಂಡೆ ಅಂಚಲ್ಲಿ ಸ್ಯಾಂ-ಸಿರ್ಕ್-ಲಾಪೋಪಿ ಅಂತ ಊರು. ಜನಸಂಖ್ಯೆ ಇನ್ನೂರರ ಆಸುಪಾಸು. 2012ರಲ್ಲಿ ಟಿವಿ ಕಾರ್ಯಕ್ರಮವೊಂದರಲ್ಲಿ ಫ್ರೆಂಚರಿಗೆ ಅತ್ಯಂತ ಇಷ್ಟವಾದ ಹಳ್ಳಿ ಅಂತ ಜನ ವೋಟ್ ಹಾಕಿ ಗೆಲ್ಲಿಸಿದ ಊರು. ಇನ್ನೂರು ಜನ ಇರೋ ಕಡೆಗೆ ವರ್ಷಕ್ಕೆ ಲಕ್ಷಗಟ್ಟಲೆ ಜನ ಬರ್ತಾರೆ, ಹಾಗಾಗಿ "ಯಾರೂ ನೋಡದ ಜಾಗ ನಾನು ಕಂಡುಹಿಡಿದೆ" ಅಂತ ನಾನೇನೂ ಕೊಚ್ಕೋತಿಲ್ಲ.

ಈಗ ನನಗೆ ನಿಜವಾಗ್ಲೂ ಸಿಟ್ಟು ಬಂದ ಪ್ರಸಂಗ. ಮೈಸೂರಲ್ಲಿ ಒಂದು ಗೃಹಪ್ರವೇಶ, ಊಟಕ್ಕೆ ಸಾಲಲ್ಲಿ ಕೂತಿದೀವಿ, ಎದುರು ಸಾಲಲ್ಲಿ ಕೂತ ದೊಡ್ಡಪ್ಪ ಒಬ್ರು ಇಡೀ ಹಾಲ್‌ಗೆ ಕೇಳೋ ಹಾಗೆ, "ಏನಮ್ಮಾ, ಫ್ರಾನ್ಸ್‌ ಹಳ್ಳೀಲಿ ಸಗಣಿ ವಾಸನೆ ಹೇಗಿರುತ್ತೆ, ಸೆಂಟ್ ಹೊಡೆದಿರ್ತಾರಾ?" ಅಂದ್ರು. ಎಲೆ ಮುಂದೆ ಕೂತಿದ್ದ ಅಷ್ಟೂ ಜನ ಗೊಳ್ ಅಂತ ನಕ್ಕರು, ಬಡಿಸ್ತಿದ್ದ ಹುಡುಗ ಕೂಡ. "ಇಲ್ಲ ದೊಡ್ಡಪ್ಪ, ನಮ್ಮ ಥರಾನೇ ಇರುತ್ತೆ, ಅಲ್ಲಿ ಒಂದು ಜಾತಿ ಹಸು..." ಅಂತ ಶುರು ಮಾಡೋಷ್ಟರಲ್ಲಿ ಒಬ್ಬಟ್ಟು ಬಂತು, ದೊಡ್ಡಪ್ಪ ತುಪ್ಪ ತುಪ್ಪ ಅಂತ ಆ ಕಡೆ ತಿರುಗಿದ್ರು. ಜೋಕ್‌ಗೆ ನನಗೆ ಬೇಜಾರಿಲ್ಲ, ಜೋಕ್ ಚೆನ್ನಾಗೇ ಇತ್ತು. ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯೋದಿಲ್ವಲ್ಲ, ಅದು ಉರಿ. ಅದರಲ್ಲೂ ಆಯಪ್ಪ ಜೀವನಪೂರ್ತಿ ಹಸು ಕಟ್ಟಿದೋರು, ಆ ಹಸು ಕಥೆ ಆ ಸಾಲಲ್ಲಿ ಅರ್ಥ ಆಗ್ತಿದ್ದಿದ್ದೇ ಅವರೊಬ್ಬರಿಗೆ.

ಹೋಗ್ಲಿ, ನೀವಾದ್ರೂ ಕೇಳಿ. ಲಾಟ್ ಕಣಿವೆಯಿಂದ ಈಶಾನ್ಯಕ್ಕೆ ಕಾರಲ್ಲಿ ಹೋದ್ರೆ ಕಾಂಟಾಲ್ ಅನ್ನೋ ಬೆಟ್ಟಸೀಮೆ, ಇಡೀ ಸೀಮೆನೇ ಸತ್ತುಹೋದ ದೊಡ್ಡ ಜ್ವಾಲಾಮುಖಿ. ಅಲ್ಲಿ ಸಾಲೇರ್ ಅಂತ ಕಪ್ಪು ಕಲ್ಲಿನ ಊರು, ಮನೆ, ಕೋಟೆ ಬಾಗಿಲು ಎಲ್ಲಾ ಲಾವಾದ ಕಲ್ಲಲ್ಲೇ ಕಟ್ಟಿರೋದು. ಹಸುಗೂ ಅದೇ ಹೆಸರು, ಸಾಲೇರ್. ಮೈತುಂಬಾ ಗುಂಗುರು ಕೂದಲು, ಕಡುಗೆಂಪು ಬಣ್ಣ, ಮೇಲಕ್ಕೆ ಬಾಗಿದ ಉದ್ದ ಕೊಂಬು. ಈ ಹಸು ಕರು ಬಿಡದೆ ಹಾಲು ಕೊಡಲ್ಲ. ಮೆಷಿನ್ ಹಾಕಿದ್ರೂ ಅಷ್ಟೇ, ಕರು ಬಂದು ಬಾಯಿ ಹಾಕೋ ತನಕ ಸೊರೆ ಬಿಡೋದೇ ಇಲ್ಲ. ಕೊಟ್ಟಿಗೆಯವನು ಕರುಗಳನ್ನ ಒಂದೊಂದಾಗಿ ಹೆಸರು ಹಿಡಿದು ಕೂಗ್ತಾನೆ, ಕರು ಓಡಿಬಂದು ನಾಲ್ಕು ಗುಟುಕು ಕುಡಿಯುತ್ತೆ, ಅಷ್ಟರಲ್ಲಿ ಅದನ್ನ ಎಳೆದು ತಾಯಿ ಮುಂಗಾಲಿಗೆ ಕಟ್ಟಿ, ಕರು ಬೆನ್ನ ಮೇಲೆ ಒಂದು ಹಿಡಿ ಉಪ್ಪು ಉಜ್ಜುತ್ತಾನೆ. ತಾಯಿ ಉಪ್ಪು ನೆಕ್ತಾ ನಿಲ್ಲುತ್ತೆ, ಇವನು ಹಾಲು ಕರ್ಕೋತಾನೆ. ಆ ಹಾಲನ್ನ ದೊಡ್ಡ ಮರದ ಪೀಪಾಯಿಗೆ ಸುರಿದು ಚೀಸ್ ಮಾಡೋದು, ಅದೂ ಏಪ್ರಿಲ್ 15ರಿಂದ ನವೆಂಬರ್ 15ರವರೆಗೆ ಮಾತ್ರ, ಹಸು ಹುಲ್ಲುಗಾವಲಲ್ಲಿ ಮೇಯೋ ಕಾಲದಲ್ಲಿ. ಇಷ್ಟೆಲ್ಲ ರಗಳೆ ಯಾರು ಪಡ್ತಾರೆ ಅಂತ ಈಗ ಬಹಳ ಜನ ಸಾಲೇರ್ ಹಸುನ ಮಾಂಸಕ್ಕೆ ಸಾಕ್ತಾರೆ, ಕರೆಯೋರು ಕೆಲವೇ ಮಂದಿ. ನನ್ನ ತಂಗಿ ಇದನ್ನೆಲ್ಲ ವಿಡಿಯೋ ಮಾಡ್ಕೊಂಡ್ಲು. ನಾನು ಮಾಡ್ಲಿಲ್ಲ, ಅಜ್ಜಿ ಮನೆ ಕೊಟ್ಟಿಗೇಲಿ ಉಪ್ಪೊಂದು ಬಿಟ್ಟು ಮಿಕ್ಕಿದ್ದೆಲ್ಲ ನೋಡಿ ಬೆಳೆದವಳು ನಾನು.

ಅಲ್ಲೇ ಹತ್ತಿರ ಪುಯಿ ಮಾರಿ ಅನ್ನೋ ಶಿಖರ, 1,783 ಮೀಟರ್. ಕಾರು ರಸ್ತೆ 1,589 ಮೀಟರ್‌ವರೆಗೂ ಹೋಗುತ್ತೆ, ಮಿಕ್ಕಿದ್ದು ಮೆಟ್ಟಿಲು ಹತ್ತಬೇಕು. ತುದೀಲಿ ನಿಂತ್ರೆ ನಾಲ್ಕೂ ದಿಕ್ಕಿಗೆ ಕಣಿವೆಗಳು ಕಾಲ ಬುಡದಿಂದಲೇ ಹೊರಟ ಹಾಗೆ ಕಾಣ್ತವೆ, ಹಿಮನದಿಗಳು ಕೊರೆದಿರೋದು. "ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ" ಅಂತೀರಾ? ಹೌದು, ಎತ್ತರ. 1,900 ಮೀಟರ್ ದಾಟುತ್ತೆ. ಗೆದ್ರಿ. ವೀಕೆಂಡಲ್ಲಿ ಟ್ರಾಫಿಕ್ ಜಾಮ್ ಮುಗಿಸಿಕೊಂಡು ಹತ್ತಿ ಬನ್ನಿ.

ಊಟದ ಪ್ರಶ್ನೆಗೂ ಇಲ್ಲೇ ಉತ್ತರ ಕೊಟ್ಟುಬಿಡ್ತೀನಿ. ಸಸ್ಯಾಹಾರಿಗಳಿಗೆ ಕಷ್ಟ. ಸಲಾಡ್ ಅಂತ ನಂಬ್ಕೊಂಡು ಆರ್ಡರ್ ಮಾಡಿದ್ರೆ ಸೊಪ್ಪಿನ ಮೇಲೆ ಬಾತುಕೋಳಿ ಕಂದನಕಾಯಿ ಹಾಕಿ ತಂದುಕೊಡ್ತಾರೆ, ಆ ಕಡೆ ಅದೇ ಸ್ಪೆಷಲ್. ನಾನು ಬ್ರೆಡ್ಡು, ವಾಲ್‌ನಟ್, ಬಿಸ್ಕೆಟ್‌ನಷ್ಟು ಚಿಕ್ಕ ರೊಕಮಾಡೂರ್ ಮೇಕೆ ಚೀಸ್, ಜೊತೆಗೆ ಬ್ಯಾಗಲ್ಲಿ ಪುಳಿಯೋಗರೆ ಗೊಜ್ಜು, ಇದರಲ್ಲೇ ಆರಾಮಾಗಿದ್ದೆ. ಮಧ್ಯಾಹ್ನ ಹನ್ನೆರಡಕ್ಕೆ ಅಂಗಡಿ ಬಾಗಿಲು ಹಾಕ್ತಾರೆ, ಎರಡು ಗಂಟೆ ಆದ್ಮೇಲೆ ಹೋಟೆಲಲ್ಲಿ ಅಡುಗೆಮನೆ ಬಂದ್, ಬೇಡ್ಕೊಂಡ್ರೂ ಕೊಡಲ್ಲ. ಅಂಗಡಿ ಒಳಗೆ ಕಾಲಿಟ್ಟ ತಕ್ಷಣ ಬಾಂಜೂರ್, ಅಂದ್ರೆ ನಮಸ್ಕಾರ, ಅನ್ನದೇ ಇದ್ರೆ ನಿಮ್ಮನ್ನ ನೋಡಿಯೇ ಇಲ್ಲ ಅನ್ನೋ ಹಾಗೆ ಇರ್ತಾರೆ.

ಸರಿ, "ನಮ್ಮಲ್ಲಿ ಹಳ್ಳಿ ಇರ್ಲಿಲ್ವಾ" ಅನ್ನೋ ಬದಲು ಒಬ್ರಾದ್ರೂ "ಅಷ್ಟು ಹಳೇ ಊರು ಹಾಗೇ ಹೇಗೆ ಉಳ್ಕೊಂತು" ಅಂತ ಕೇಳಿದ್ದಿದ್ರೆ ನಾನು ಎರಡು ಕಾಫಿ ಕೊಡಿಸಿ ಹೇಳ್ತಿದ್ದೆ. ಅವರಿಗೆ ಹೆರಿಟೇಜ್ ಮೇಲೆ ಪ್ರೀತಿ, ನಮಗಿಲ್ಲ ಅಂತ ಎಲ್ಲರೂ ತೀರ್ಮಾನ ಮಾಡಿಬಿಟ್ಟಿರ್ತಾರೆ. ಹಾಗೇನಿಲ್ಲ. ಆ ಸ್ಯಾಂ-ಸಿರ್ಕ್ ಉಳಿದಿದ್ದು ಅಲ್ಲಿ ದುಡ್ಡು ಖಾಲಿಯಾಗಿದ್ದಕ್ಕೆ.

ಬೂಝಿಯೆಸ್ ಅನ್ನೋ ಪುಟ್ಟ ಊರಿಂದ ಸ್ಯಾಂ-ಸಿರ್ಕ್‌ಗೆ ನದಿ ಪಕ್ಕ ಒಂದು ಕಾಲುದಾರಿ ಇದೆ. ಕೆಂಪು ಬಿಳಿ ಪಟ್ಟಿ ನೋಡ್ಕೊಂಡು ನಡೀತಾ ಹೋಗೋದು, ದೇಶಾದ್ಯಂತ ಇದೇ ಗುರುತು, ಮೇಲೆ ಬಿಳಿ ಕೆಳಗೆ ಕೆಂಪು, ಎರಡು ಪಟ್ಟಿ ಅಡ್ಡಡ್ಡ ಕತ್ತರಿಸಿದ್ರೆ ಈ ಕಡೆ ಅಲ್ಲ ಅಂತ ಅರ್ಥ, 1947ರಿಂದ ಊರೂರಿನ ವಾಲಂಟಿಯರ್‌ಗಳು ಬಳೀತಾ ಬಂದಿರೋದು. ಒಂದು ಕಡೆ ದಾರಿ ಇಲ್ಲ, ನೇರ ಬಂಡೆ, ಬಂಡೆ ಕೆಳಗೆ ನೀರು. ಅಲ್ಲಿ 1840ರ ದಶಕದಲ್ಲಿ ಬಂಡೆನೇ ಪಕ್ಕದಿಂದ ಕೊರೆದು ದಾರಿ ಮಾಡಿದಾರೆ, ತಲೆ ಮೇಲೂ ಬಂಡೆ, ಉದ್ದ ಇರೋರು ಸ್ವಲ್ಪ ಬಗ್ಗಿ ನಡೀಬೇಕು, ಗೋಡೆ ಮುಟ್ಟಿದ್ರೆ ಕೈಗೆ ತಣ್ಣಗೆ ಹಸಿ. ಈ ದಾರಿ ಪ್ರವಾಸಿಗಳಿಗೆ ಮಾಡಿದ್ದಲ್ಲ, ವೈನ್ ಪೀಪಾಯಿ ಕೆಳಗೆ ಇಳಿಸಿ ವಾಪಸ್ ಬರೋ ದೋಣಿಗಳನ್ನ ನೀರಿನ ಹರಿವಿಗೆ ಎದುರಾಗಿ ಹಗ್ಗ ಕಟ್ಟಿ ದಡದಿಂದ ಎಳೆಯೋಕೆ ಮಾಡಿದ್ದು. ಆಗ ನದಿನೇ ಹೈವೇ. ಮೇಲಿನ ಊರಲ್ಲಿ ಮರಗೆಲಸದವರು ಪೀಪಾಯಿಗೆ ಹಾಕೋ ಮರದ ನಲ್ಲಿಗಳನ್ನ ಕಡೆದು ಕೊಡ್ತಿದ್ರು, ಬೀದಿ ಬೀದೀಲಿ ಅದೇ ಕಸುಬು.

ಆಮೇಲೆ ದ್ರಾಕ್ಷಿ ಬಳ್ಳಿ ಬೇರಿಗೆ ಫಿಲೋಕ್ಸೆರಾ ಅನ್ನೋ ಹೇನಿನ ಜಾತಿಯ ಹುಳ ಹತ್ತಿ ತೋಟಗಳು ನೆಲಕಚ್ಚಿದ್ವು. 1886ರಲ್ಲಿ ಅದೇ ಕಣಿವೇಲಿ ರೈಲು ಬಂತು, ದೋಣಿ ನಿಂತ್ವು. ವೈನ್ ಇಲ್ಲ ಅಂದ್ರೆ ಪೀಪಾಯಿ ಇಲ್ಲ, ಪೀಪಾಯಿ ಇಲ್ಲ ಅಂದ್ರೆ ನಲ್ಲಿ ಯಾರಿಗೆ ಬೇಕು. ಹುಡುಗರು ಪಟ್ಟಣಕ್ಕೆ ಹೋದ್ರು, ಮಿಕ್ಕವರನ್ನ 1914ರ ಯುದ್ಧ ಕರ್ಕೊಂಡು ಹೋಯ್ತು. ಸುಮಾರು 14 ಲಕ್ಷ ಫ್ರೆಂಚ್ ಸೈನಿಕರು ಸತ್ತಿದಾರೆ, ಎಂಥಾ ಸಣ್ಣ ಊರಿಗೆ ಹೋದ್ರೂ ಚರ್ಚ್ ಹತ್ತಿರ ಹೆಸರು ಕೆತ್ತಿದ ಕಲ್ಲಿರುತ್ತೆ, ಒಂದೇ ಮನೆತನದ ಹೆಸರು ಒಂದರ ಕೆಳಗೊಂದು. ಹಳೇ ಮನೆ ಕೆಡವಿ ಹೊಸದು ಕಟ್ಟೋಕೆ ಯಾರ ಹತ್ರನೂ ದುಡ್ಡಿರಲಿಲ್ಲ, ಕಟ್ಟೋರೂ ಇರಲಿಲ್ಲ. ಬಿಟ್ಟ ಹಾಗೇ ಇತ್ತು. ಅದು ಚೆಂದ ಅಂತ ಕಂಡಿದ್ದು ಹೊರಗಿಂದ ಬಂದ ಕಲಾವಿದರಿಗೆ. ಸರ್ರಿಯಲಿಸ್ಟ್ ಕವಿ ಆಂದ್ರೆ ಬ್ರೆತೋಂ 1950ರಲ್ಲಿ ನೋಡಿದ, ಮನೆ ಕೊಂಡ, ಬೇಸಿಗೆಗೆ ಬಂದು ಇರ್ತಿದ್ದ. 1982ರಲ್ಲಿ ಕೊಲೋಂಜ್-ಲಾ-ರೂಜ್ ಅನ್ನೋ ಕೆಂಪು ಕಲ್ಲಿನ ಊರಿನ ಮೇಯರ್ ಶಾರ್ಲ್ ಸೆರಾಕ್ ಇಂಥ ಊರುಗಳನ್ನೆಲ್ಲ ಸೇರಿಸಿ "ಫ್ರಾನ್ಸಿನ ಅತಿ ಸುಂದರ ಹಳ್ಳಿಗಳು" ಅಂತ ಒಂದು ಸಂಘ ಮಾಡಿದ, ಎರಡು ಸಾವಿರಕ್ಕಿಂತ ಜಾಸ್ತಿ ಜನ ಇರೋ ಊರಿಗೆ ಅದರಲ್ಲಿ ಜಾಗ ಇಲ್ಲ. ಅಂದ್ರೆ ಊರು ಖಾಲಿಯಾಗಿದ್ದೇ ಆಮೇಲೆ ಅದರ ಬಂಡವಾಳ ಆಯ್ತು. ದೋಣಿ ಹೊಟ್ಟೆ ಹೊಡೆದ ಆ ರೈಲೂ ಈಗ ಓಡಲ್ಲ, ನದೀಲಿ ಟೂರಿಸ್ಟ್ ದೋಣಿ ಓಡ್ತವೆ.

ನಮ್ಮ ಅಜ್ಜಿ ಊರಲ್ಲಿ ಉಲ್ಟಾ ಆಯ್ತು. ಅಡಿಕೆ ರೇಟ್ ಏರಿದ ವರ್ಷ ಮಾವ ತೊಟ್ಟಿ ಮನೆ ಕೆಡವಿ ಆರ್‌ಸಿಸಿ ಹಾಕಿಸಿದ್ರು. ನನಗೆ ಹೊಟ್ಟೆ ಉರೀತು ನಿಜ, ಆದ್ರೆ ಸೋರೋ ಹೆಂಚಿನ ಕೆಳಗೆ ಮಳೆಗಾಲ ಕಳೀತಿದ್ದಿದ್ದು ಅತ್ತೆ, ನಾನಲ್ಲ. ಸ್ಯಾಂ-ಸಿರ್ಕ್‌ನ ಜನಕ್ಕೂ ನೂರು ವರ್ಷದ ಹಿಂದೆ ಕೈಯಲ್ಲಿ ಕಾಸಿದ್ದಿದ್ರೆ ಅವರೂ ಕೆಡವಿರ್ತಿದ್ರು ಅಂತ ನನ್ನ ಗುಮಾನಿ. ಈಗ ಆ ಮನೆಗಳಿಗೆ ಎಷ್ಟೋ ಕಡೆ ವರ್ಷದಲ್ಲಿ ಬೇಸಿಗೆಗಷ್ಟೇ ಬರೋ ಯಜಮಾನರು. ಪ್ರೈಜ್ ಗೆದ್ದ ಊರು ಬಿಟ್ಟು ಆಚೆ ಈಚೆ ನಡೆದ್ರೆ ಬೇಕರಿ ಮುಚ್ಚಿ ಅದರ ಬದಲು ಎಟಿಎಂ ಥರ ಬ್ರೆಡ್ ಮೆಷಿನ್ ಇಟ್ಟಿರೋ ಊರುಗಳು ಸಿಗ್ತವೆ. ಕಾಸು ಹಾಕಿದ್ರೆ ಬಾಗೆಟ್ ದಬ್ ಅಂತ ಕೆಳಗೆ ಬೀಳುತ್ತೆ, ಬಾಂಜೂರ್ ಹೇಳೋ ಕಷ್ಟ ಇಲ್ಲ. ಅಂಥ ಊರಿಗೆ ಯಾರೂ ವೋಟ್ ಹಾಕಲ್ಲ.

ಹೋಗೋ ಮನಸ್ಸಿದ್ರೆ ಮೇ ಅಥವಾ ಸೆಪ್ಟೆಂಬರ್ ನೋಡ್ಕೊಳ್ಳಿ, ಆಗಸ್ಟ್‌ನಲ್ಲಿ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ ಹೋಗುತ್ತೆ, ಪಾರ್ಕಿಂಗ್‌ಗೆ ದುಡ್ಡೂ ಕೊಡಬೇಕು. ಜನವರೀಲಿ ಹೋದ್ರೆ ಊರು ಪೂರ್ತಿ ನಿಮ್ಮದೇ, ಆದ್ರೆ ಹೋಟೆಲ್ ಬಹುತೇಕ ಮುಚ್ಚಿರ್ತವೆ, ಗೊಜ್ಜು ಜಾಸ್ತಿ ಹಾಕ್ಕೊಳ್ಳಿ. ಒಟ್ಟು ಎಷ್ಟು ಖರ್ಚಾಯ್ತು ಅಂತ ಕೇಳೋರಿಗೆ: ನಿಮ್ಮ ಮಗಳ ಮದುವೇಲಿ ಸ್ಟೇಜ್ ಡೆಕೋರೇಷನ್‌ಗೆ ಎಷ್ಟಾಯ್ತು ಅಂತ ಮೊದಲು ನೀವು ಹೇಳಿ, ಆಮೇಲೆ ನಾನು ಹೇಳ್ತೀನಿ.